ಗ್ರೋನಿಂಗನ್‌ನಲ್ಲಿ ಕಾರು ಬೇಕಾ ಅಂತ ಕೇಳಿದ ತಂಗಿಗೆ

ತಂಗಿ, ವಿರಾಜಪೇಟೆಯಿಂದ ಕೆಲಸಕ್ಕೆಂದು ನೆದರ್‌ಲ್ಯಾಂಡ್ಸ್‌ನ ಗ್ರೋನಿಂಗನ್‌ಗೆ ಬರುತ್ತಿದ್ದೀಯ ಅಂತ ತಿಳಿದು ಖುಷಿಯಾಯಿತು. ಚಳಿ ಹೇಗೆ, ಊಟಕ್ಕೆ ಏನು ಮಾಡುವುದು, ಬಂದ ಕೂಡಲೇ ಕಾರು ತಗೋಬೇಕಾ ಅಂತ ಕೇಳಿದ್ದೀಯ.

ಚಳಿಗೆ ಜಾಕೆಟ್ ಇಲ್ಲೇ ಬಂದು ತಗೋ. ಕೊಡಗಿನಲ್ಲಿ ಕಕ್ಕಡ ತಿಂಗಳ ಮಳೆ ಕಂಡವಳಿಗೆ ಇಲ್ಲಿನ ಮಳೆ ಏನೂ ಅಲ್ಲ. ಆದರೆ ಗಾಳಿಗೆ ಕೊಡೆ ನಿಲ್ಲುವುದಿಲ್ಲ. ಅಕ್ಕಿ, ಬೇಳೆ ಸಿಗುತ್ತದೆ. ಸಾರಿಗೆ ಹಾಕುವ ನಮ್ಮ ಕೊಡಗಿನ ಹುಳಿ ಕಾಚಂಪುಳಿ ಸಿಗುವುದಿಲ್ಲ, ಒಂದು ಬಾಟಲಿ ಭದ್ರವಾಗಿ ಕಟ್ಟಿಕೊಂಡು ಬಾ.

ಕಾರು ಬೇಡ. ನಮ್ಮ ಲೈಸೆನ್ಸ್ ಇಲ್ಲಿ ನೆಲೆಸಿದವರಿಗೆ 185 ದಿನ ಮಾತ್ರ ನಡೆಯುತ್ತದೆ. ಆಮೇಲೆ ಸಾಮಾನ್ಯವಾಗಿ ಹೊಸದಾಗಿ ಪರೀಕ್ಷೆ ಬರೆಯಬೇಕು, ಅದಕ್ಕೆ ದುಡ್ಡೂ ಜಾಸ್ತಿ. ಅದಿರಲಿ, ಈ ಊರಿನಲ್ಲಿ ಹತ್ತಿರಕ್ಕೆ ಕಾಲು ಸಾಕು, ದೂರಕ್ಕೆ ಸೈಕಲ್ ಇದೆ.

ನಾನು ಬಂದ ಹೊಸತರಲ್ಲಿ ರಸ್ತೆ ದಾಟಲು ಸುಮ್ನೆ ನಿಂತೇ ಇರುತ್ತಿದ್ದೆ. ಮಡಿಕೇರಿಯ ತಿಮ್ಮಯ್ಯ ಸರ್ಕಲ್‌ನಲ್ಲಿ ನಿಂತು ಬೆಳೆದ ಕಾಲು, ಅಲ್ವಾ. ಕಾರುಗಳೇ ನಿಂತು ನನಗಾಗಿ ಕಾಯುತ್ತಿದ್ದವು. ಏನು ಕಾರಣ ಅಂತ ನೆಲ ನೋಡಿದ ಮೇಲೆ ಗೊತ್ತಾಯಿತು. ನೀನೂ ಬಂದಾಗ ನೋಡು. ಎಷ್ಟೋ ಕಡೆ ಅಡ್ಡರಸ್ತೆ ಬಂದರೂ ಫುಟ್‌ಪಾತ್ ಕೆಳಗಿಳಿಯುವುದಿಲ್ಲ. ಅದೇ ಎತ್ತರದಲ್ಲಿ, ಅದೇ ಕಲ್ಲಿನಲ್ಲಿ ನೇರ ಮುಂದೆ ಹೋಗುತ್ತದೆ. ಕಾರಿನವನೇ ಓರೆ ಕಲ್ಲು ಹತ್ತಿ, ಫುಟ್‌ಪಾತ್ ದಾಟಿ, ಆಚೆ ಇಳಿಯಬೇಕು. ಹತ್ತುವಾಗ ವೇಗ ತಾನಾಗಿ ಇಳಿಯುತ್ತದೆ. ಅಲ್ಲಿ ಪೊಲೀಸ್ ನಿಲ್ಲಬೇಕಾಗಿಲ್ಲ.

ಊರಿನಲ್ಲಿ ಇದನ್ನು ಹೇಳಿದರೆ "ಅಲ್ಲಿನ ಜನವೇ ಹಾಗೆ, ಶಿಸ್ತು" ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. 1971ರಲ್ಲಿ ಈ ದೇಶದ ರಸ್ತೆಗಳಲ್ಲಿ 3,000ಕ್ಕೂ ಜಾಸ್ತಿ ಜನ ಸತ್ತರು. ಅವರಲ್ಲಿ 400ಕ್ಕೂ ಜಾಸ್ತಿ ಮಕ್ಕಳು. ತಾಯಂದಿರು, ತಂದೆಯರು ಬೀದಿಗಿಳಿದರು. "ಮಕ್ಕಳ ಕೊಲೆ ನಿಲ್ಲಿಸಿ" ಅಂತಲೇ ಆ ಚಳವಳಿಯ ಹೆಸರು. 1976ರಲ್ಲಿ ಮನೆಗಳ ನಡುವಿನ ಕೆಲವು ಬೀದಿಗಳಿಗೆ ಹೊಸ ಕಾನೂನು ಬಂತು: ಇಡೀ ರಸ್ತೆ ನಡೆಯುವವರದ್ದು, ಆಡುವ ಮಕ್ಕಳದ್ದು, ಕಾರು ನಡಿಗೆಯ ವೇಗದಲ್ಲಿ ಬರಬೇಕು.

1977ರಲ್ಲಿ ಗ್ರೋನಿಂಗನ್ ಇನ್ನೂ ದೊಡ್ಡ ಹೆಜ್ಜೆ ಇಟ್ಟಿತು. ಊರ ನಡುವನ್ನು ನಾಲ್ಕು ಭಾಗ ಮಾಡಿದರು. ಕಾರಿನಲ್ಲಿ ಒಂದು ಭಾಗದಿಂದ ಇನ್ನೊಂದಕ್ಕೆ ನೇರ ಹೋಗುವ ಹಾಗಿಲ್ಲ. ಹೊರಗಿನ ವರ್ತುಲ ರಸ್ತೆಗೆ ಹೋಗಿ ಸುತ್ತಿ ಬರಬೇಕು. ನಡೆದು ಹೋದರೆ, ಸೈಕಲ್‌ನಲ್ಲಿ ಹೋದರೆ ಒಳಗಿಂದಲೇ ದಾರಿ. ವ್ಯಾಪಾರ ಮುಳುಗುತ್ತದೆ ಅಂತ ಅಂಗಡಿಯವರು ಬಹಳ ಗಲಾಟೆ ಮಾಡಿದರು. ನಗರಾಡಳಿತ ಹಿಂದೆ ಸರಿಯಲಿಲ್ಲ. ನೋರ್ಡರ್‌ಪ್ಲಾಂಟ್ಸೂನ್ ಪಾರ್ಕಿನ ಒಳಗೆ ಕಾರು ಬೇಡ ಅನ್ನುವುದನ್ನು 1994ರಲ್ಲಿ ಊರವರೇ ಮತ ಹಾಕಿ ತೀರ್ಮಾನಿಸಿದರು, ಅದೂ ಕೂದಲೆಳೆಯ ಅಂತರದಲ್ಲಿ. ಈಗ ಅಲ್ಲಿ ಮಕ್ಕಳು ಓಡಾಡುವುದನ್ನು ನೋಡಿದರೆ ನನ್ನದೇ ಊರು ಅನ್ನುವಷ್ಟು ಹೆಮ್ಮೆಯಾಗುತ್ತದೆ.

ನನಗೆ ನೋವು ಇರುವುದು ನನ್ನ ಅಮ್ಮನ ವಿಷಯದಲ್ಲಿ. ಇಲ್ಲಿಗೆ ಬಂದಿದ್ದಾಗ ಅಮ್ಮ ಒಬ್ಬರೇ ಸೀರೆ ಮೇಲೆ ಕೋಟು ಹಾಕಿಕೊಂಡು ಫಿಸ್‌ಮಾರ್ಕ್ಟ್ ಸಂತೆಗೆ ನಡೆದು ಹೋಗಿ ಸೊಪ್ಪು ತರುತ್ತಿದ್ದರು. ಭಾಷೆ ಬಾರದು, ಆದರೂ ಭಯವಿಲ್ಲ. ಮಡಿಕೇರಿಯಲ್ಲಿ ಅದೇ ಅಮ್ಮ ಮನೆಯಿಂದ ಕೂಗಳತೆಯ ಅಂಗಡಿಗೂ ಆಟೋ ಕರೆಸುತ್ತಾರೆ. ಚರಂಡಿ ಮೇಲಿನ ಚಪ್ಪಡಿ ಒಡೆದಿದೆ, ಉಳಿದ ಜಾಗದಲ್ಲಿ ಬೈಕು. ಶನಿವಾರ, ಭಾನುವಾರ ಪ್ರವಾಸಿಗರ ಗಾಡಿಗಳ ಸಾಲು, ಅಮ್ಮ ಹೊರಗೇ ಬರುವುದಿಲ್ಲ. ಗದ್ದೆ ಬದುವಿನ ಮೇಲೆ ಮೈಲಿಗಟ್ಟಲೆ ನಡೆದವರು ಅವರು. ನಡೆಯಬಲ್ಲ ಊರಿನಲ್ಲಿ ನಾನಿದ್ದೇನೆ, ಅಮ್ಮ ಅಲ್ಲಿದ್ದಾರೆ.

ನಮ್ಮಲ್ಲಿ ನಿಯಮ ಇಲ್ಲ ಅಂತಲ್ಲ. ಫುಟ್‌ಪಾತ್ ಕನಿಷ್ಠ 1.8 ಮೀಟರ್ ಅಗಲ ಇರಬೇಕು ಅಂತ ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಬರೆದಿಟ್ಟಿದೆ. ಬೆಟ್ಟದ ಊರು, ಜಾಗ ಎಲ್ಲಿ ಅನ್ನುತ್ತಾರೆ. ದಸರಾದ ರಾತ್ರಿ ದೇವಸ್ಥಾನಗಳ ಹತ್ತು ಮಂಟಪಗಳು ಮೆರವಣಿಗೆ ಹೊರಟಾಗ ಅದೇ ರಸ್ತೆಗಳಲ್ಲಿ ಅಷ್ಟು ಜನ ನಡೆಯುತ್ತಾರಲ್ಲ, ಜಾಗ ಎಲ್ಲಿಂದ ಬಂತು? ಪ್ರವಾಸಿಗರ ಗಾಡಿ ಊರಾಚೆ ನಿಲ್ಲಿಸಿ ಸಣ್ಣ ಬಸ್ಸು ಬಿಡಬಹುದು. ಶಾಲೆ, ಆಸ್ಪತ್ರೆ, ಸಂತೆಯ ದಾರಿಗಳಿಗಾದರೂ ಮೊದಲು ಫುಟ್‌ಪಾತ್ ಕಟ್ಟಬಹುದು. ಮಡಿಕೇರಿ ಚಿಕ್ಕ ಊರು, ಇಷ್ಟು ಮಾಡುವುದು ಕಷ್ಟವಲ್ಲ.

ಇನ್ನು ನಿನ್ನ ಮನೆ. ಬಾಡಿಗೆ ಕಡಿಮೆ ಅಂತ ದೂರದ ಹಳ್ಳಿಯಲ್ಲಿ ಹಿಡಿಯಬೇಡ, ಸಂಜೆ ಮೇಲೆ ಬಸ್ಸು ಕಡಿಮೆ. ವರ್ತುಲ ರಸ್ತೆಯ ಒಳಗೆ ಚಿಕ್ಕ ಕೋಣೆಯಾದರೂ ಸರಿ. ಸೈಕಲ್ ಹಳೆಯದು ತಗೋ, ಬೀಗ ಮಾತ್ರ ಒಳ್ಳೆಯದಿರಲಿ. ಕೋಣೆ ಕಣ್ಣಾರೆ ನೋಡದೆ ಯಾರಿಗೂ ಅಡ್ವಾನ್ಸ್ ಕಳಿಸಬೇಡ, ಮೋಸ ಜಾಸ್ತಿ. ವಿಳಾಸ ನನಗೆ ಕಳಿಸು, ನಾನೇ ಹೋಗಿ ನೋಡಿ ಬರುತ್ತೇನೆ.