ಅನಾಮಧೇಯ ಇಮೇಲ್ ಸೇವೆ ಒಳ್ಳೆಯದೋ, ಮಾಮೂಲಿ ಇಮೇಲನ್ನೇ ಎನ್‌ಕ್ರಿಪ್ಟ್ ಮಾಡುವುದೋ (ಅಂದರೆ ಬೇರೆಯವರಿಗೆ ಓದಲಾಗದ ಗುಪ್ತಲಿಪಿಗೆ ಬದಲಿಸುವುದೋ)?

ನೀವು ಮುಚ್ಚಿಡಬೇಕಾದದ್ದು ಏನು? ಬರೆದ ವಿಷಯವೋ, ಬರೆದವರು ಯಾರು ಅನ್ನುವುದೋ? ಎರಡಕ್ಕೂ ಮದ್ದು ಬೇರೆ ಬೇರೆ.

ಜಿಮೇಲ್ ವಿಳಾಸದಲ್ಲೇ ಪಿಜಿಪಿ ಎಂಬ ಎನ್‌ಕ್ರಿಪ್ಶನ್ ತಂತ್ರಾಂಶ ಬಳಸಬಹುದು. 1991ರಲ್ಲಿ ಫಿಲ್ ಜಿಮ್ಮರ್‌ಮನ್ ಬರೆದದ್ದು. ಈಗ ಥಂಡರ್‌ಬರ್ಡ್ ಎಂಬ ಇಮೇಲ್ ತಂತ್ರಾಂಶದ ಒಳಗೇ ಆ ಸೌಲಭ್ಯ ಇದೆ. ಆಗ ಪತ್ರದಲ್ಲಿ ಏನಿದೆ ಎಂದು ಗೂಗಲ್‌ಗೂ ಓದಲಾಗದು. ಆದರೆ ಯಾರು, ಯಾರಿಗೆ, ಯಾವಾಗ ಕಳಿಸಿದರು ಅನ್ನುವುದು ಬಯಲಲ್ಲೇ ಇರುತ್ತದೆ. ಸಾಲದ್ದಕ್ಕೆ ಎದುರಿನವರ ಬಳಿಯೂ ಕೀ, ಅಂದರೆ ಗುಪ್ತಲಿಪಿ ಬಿಡಿಸುವ ಡಿಜಿಟಲ್ ಬೀಗದ ಕೈ, ಇರಬೇಕು. ನಿಜವಾದ ತಲೆನೋವು ಅದೇ!

ಅನಾಮಧೇಯ ಸೇವೆ ಹೆಸರು ಮರೆಮಾಡುತ್ತದೆ, ಆದರೆ ನಡೆಸುವವರನ್ನು ನಂಬಬೇಕಲ್ವಾ? ಫಿನ್‌ಲ್ಯಾಂಡ್‌ನ ಪೆನೆಟ್ ಸೇವೆ ಎಲ್ಲರ ಅಸಲಿ ವಿಳಾಸವನ್ನೂ ಒಂದೇ ಕಡೆ ಇಟ್ಟಿತ್ತು. 1995ರಲ್ಲಿ ಪೊಲೀಸರು ಬಂದಾಗ ಒಂದು ವಿಳಾಸ ಕೊಡಲೇಬೇಕಾಯಿತು. ಮರುವರ್ಷ ಸೇವೆಯೇ ಮುಚ್ಚಿತು. 2021ರಲ್ಲಿ ಪ್ರೋಟಾನ್‌ಮೇಲ್ ಎಂಬ ಎನ್‌ಕ್ರಿಪ್ಟೆಡ್ ಇಮೇಲ್ ಸೇವೆ ಕೂಡ ಸ್ವಿಸ್ ಸರ್ಕಾರದ ಆದೇಶಕ್ಕೆ ಮಣಿದು ಫ್ರಾನ್ಸ್‌ನ ಹೋರಾಟಗಾರರೊಬ್ಬರ ಐಪಿ ವಿಳಾಸ (ಇಂಟರ್ನೆಟ್ ಸಂಪರ್ಕದ ಗುರುತಿನ ಸಂಖ್ಯೆ) ಕೊಟ್ಟಿತು. ಎನ್‌ಕ್ರಿಪ್ಟ್ ಆಗಿದ್ದ ಪತ್ರಗಳನ್ನು ಮಾತ್ರ ಅದು ಓದಿ ಕೊಡುವಂತಿರಲಿಲ್ಲ.

ಬ್ಯಾಂಕ್ ಕಾಗದ, ಮನೆ ವಿಷಯಕ್ಕಾದರೆ ಎನ್‌ಕ್ರಿಪ್ಶನ್ ಸಾಕು. ಕಚೇರಿಯ ಅಕ್ರಮ ಬಯಲು ಮಾಡುವಂಥ ಕೆಲಸಕ್ಕೆ ಎರಡೂ ಬೇಕು. ಹೊಸ ಖಾತೆಯನ್ನು ಟಾರ್ (ನಿಮ್ಮ ಐಪಿ ವಿಳಾಸ ಮರೆಮಾಡುವ ಜಾಲ) ಮೂಲಕವೇ ತೆರೆಯಿರಿ, ನಿಮ್ಮ ಫೋನ್ ನಂಬರ್ ಕೊಡಬೇಡಿ.