ಹೊಳೆದಂಡೆಯ ದಾರಿಗೆ ತೋಟದ ಅಂಚು ಕೇಳಿದರೆ?

ಪ್ರಶ್ನೆ: ಕಾರವಾರದಲ್ಲಿ ಕಾಳಿ ಹೊಳೆಗೆ ತಾಗಿ ನಮ್ಮ ತೆಂಗಿನ ತೋಟವಿದೆ. ಪಹಣಿ ನನ್ನ ಮತ್ತು ಮುಂಬೈಯಲ್ಲಿರುವ ತಮ್ಮನ ಹೆಸರಿನಲ್ಲಿ ಜಂಟಿಯಾಗಿದೆ. ದಂಡೆಗುಂಟ ವಾಕಿಂಗ್ ಮತ್ತು ಸೈಕಲ್ ದಾರಿ ಮಾಡಲು ನಗರಸಭೆ ಜಾಗ ಕೇಳಬಹುದು ಎಂಬ ಮಾತಿದೆ. ‘ಅಭ್ಯಂತರ ಇಲ್ಲ ಅಂತ ಒಂದು ಸಹಿ ಹಾಕಿದರೆ ಸಾಕು, ಬೇಡ ಅನಿಸಿದರೆ ವಾಪಸ್ ತಗೊಳ್ಳಬಹುದು’ ಎನ್ನುತ್ತಾರೆ ಪರಿಚಯದವರು. ದಾರಿ ಆಗಲಿ ಅಂತ ನನಗೂ ಆಸೆ. ಜಾಗ ಕೈತಪ್ಪಿ ಹೋಗುತ್ತದೆಯೇ?
– ಓದುಗರೊಬ್ಬರು, ಕೋಡಿಬಾಗ

ಉತ್ತರ: ವಾಪಸ್ ತಗೊಳ್ಳಬಹುದು ಎಂಬ ಮಾತನ್ನು ಪೂರ್ತಿ ನಂಬಬೇಡಿ. ಬರೀ ಅನುಮತಿಯನ್ನು ಸಾಮಾನ್ಯವಾಗಿ ಹಿಂಪಡೆಯಬಹುದು, ನಿಜ. ಆದರೆ ಇನ್ನೊಬ್ಬರ ಜಾಗ ಬಳಸುವ ಹಕ್ಕಿಗೆ ಸಂಬಂಧಿಸಿದ 1882ರ ಈಸ್‌ಮೆಂಟ್ ಕಾಯ್ದೆಯ 60ನೇ ಕಲಂನಲ್ಲಿ ಒಂದು ಕೊಕ್ಕೆ ಇದೆ. ನಿಮ್ಮ ಅನುಮತಿ ನಂಬಿ ಇನ್ನೊಬ್ಬರು ಖರ್ಚು ಮಾಡಿ ಶಾಶ್ವತ ಕಾಮಗಾರಿ ಮಾಡಿದರೆ, ಆಮೇಲೆ ಅನುಮತಿ ರದ್ದು ಮಾಡಲು ಬರುವುದಿಲ್ಲ. ಕಾಂಕ್ರೀಟ್ ಬಿದ್ದ ಮೇಲೆ ‘ನಾನು ಸುಮ್ನೆ ಸಹಿ ಹಾಕಿದ್ದೆ’ ಎಂದರೆ ಯಾರು ಕೇಳುತ್ತಾರೆ? ಅಗಲ, ಉದ್ದ, ಸರ್ವೆ ನಂಬರ್ ಯಾವುದೂ ಇಲ್ಲದ ಅಭ್ಯಂತರವಿಲ್ಲದ ಪತ್ರಕ್ಕೆ ಸಹಿ ಬೇಡವೇ ಬೇಡ.

ಮೊದಲು ಪಹಣಿಯ 3ನೇ ಕಾಲಂ ನೋಡಿ. ಅಲ್ಲಿ ಖರಾಬು, ಅಂದರೆ ಸಾಗುವಳಿಗೆ ಲೆಕ್ಕ ಹಿಡಿಯದ ಜಾಗ, ‘ಅ’ ಮತ್ತು ‘ಬ’ ಎಂದು ಇರುತ್ತದೆ. ‘ಬ’ ಖರಾಬು ಹಳ್ಳ, ದಾರಿಯಂಥ ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ. ನಿಮ್ಮ ಸರ್ವೆ ನಂಬರಿನೊಳಗೇ ಇದ್ದರೂ ಅದು ನಿಮ್ಮದಲ್ಲ. ಹೊಳೆಯ ಪಾತ್ರವೂ ಸರ್ಕಾರದ್ದೇ. ಹದ್ದುಬಸ್ತಿಗೆ (ಗಡಿ ಅಳತೆಗೆ) ಅರ್ಜಿ ಕೊಟ್ಟು ಭೂಮಾಪಕರಿಂದ ಗಡಿಕಲ್ಲು ಗುರುತಿಸಿಕೊಳ್ಳಿ. ದಾರಿಗೆ ಬೇಕಾದ ಜಾಗದಲ್ಲಿ ಅರ್ಧ ಸರ್ಕಾರದ್ದೇ ಇರಬಹುದು. ಅಥವಾ ಅವರು ಸರ್ಕಾರದ್ದು ಅಂದುಕೊಂಡಿರುವುದು ನಿಮ್ಮದಿರಬಹುದು.

ಲೆಕ್ಕ ಹಾಕಿ ನೋಡಿ. 3 ಮೀಟರ್ ಅಗಲ, 60 ಮೀಟರ್ ಉದ್ದದ ಪಟ್ಟಿ ಎಂದರೆ ಸುಮಾರು ಒಂದೂಮುಕ್ಕಾಲು ಗುಂಟೆ. ಕೇಳಲು ಸಣ್ಣದು. ಆದರೆ ಏಳೂವರೆ ಮೀಟರ್‌ಗೊಂದು ಸಸಿ ನೆಟ್ಟ ತೋಟದಲ್ಲಿ ದಂಡೆಯ ಸಾಲಿನ ಎಂಟು ಮರ ಹೋದಂತೆ.

ಪಟ್ಟಿಯನ್ನು ಮಾರುವುದಾದರೆ ಅಥವಾ ದಾನ ಕೊಡುವುದಾದರೆ 11ಇ ನಕ್ಷೆ (ಕೊಡುವ ಭಾಗವನ್ನು ಅಳೆದು ತೋರಿಸುವ ಸರ್ವೆ ನಕ್ಷೆ), ನೋಂದಣಿ ಎಲ್ಲ ಆಗಬೇಕು. ಆಮೇಲೆ ಅದು ನಿಮ್ಮದಲ್ಲ. ಸರ್ಕಾರ ಬಲವಂತವಾಗಿ ಸ್ವಾಧೀನ ಮಾಡಿಕೊಂಡರೆ 2013ರ ಭೂಸ್ವಾಧೀನ ಕಾಯ್ದೆ ಇದೆ: ಪ್ರಾಥಮಿಕ ಅಧಿಸೂಚನೆ ಹೊರಟ 60 ದಿನದೊಳಗೆ ಆಕ್ಷೇಪಣೆ ಕೊಡಬಹುದು, ಪರಿಹಾರದ ಮೇಲೆ ಶೇ 100ರಷ್ಟು ಸೋಲೇಶಿಯಂ (ಸಾಂತ್ವನದ ಹೆಚ್ಚುವರಿ ಮೊತ್ತ) ಕೂಡ ಸಿಗುತ್ತದೆ. ವಾಕಿಂಗ್ ದಾರಿಗೆ ಅಷ್ಟು ದೂರ ಹೋಗುವ ಮೊದಲು ಮಾತುಕತೆಯಲ್ಲಿ ಮುಗಿಸಲು ನೋಡುವುದೇ ಜಾಸ್ತಿ.

ನನ್ನನ್ನು ಕೇಳಿದರೆ, ಒಡೆತನ ಇಟ್ಟುಕೊಂಡು ದಾರಿಯ ಹಕ್ಕನ್ನಷ್ಟೇ ನೋಂದಾಯಿತ ಕರಾರಿನಲ್ಲಿ ಬರೆದುಕೊಡಿ. ನಗರಸಭೆಗೂ ಇದರಿಂದ ಭದ್ರತೆ. ನಾಳೆ ಕಿತ್ತುಹಾಕಬೇಕಾದ ದಾರಿಗೆ ಜನರ ದುಡ್ಡು ಸುರಿಯಲು ಅವರಿಗೂ ಭಯ ಅಲ್ವಾ?

ಕರಾರಿನಲ್ಲಿ ಪಟ್ಟಿಯ ಅಳತೆ ಗಡಿಕಲ್ಲಿನಿಂದ ಇರಲಿ, ‘ಹೊಳೆದಂಡೆಯಿಂದ 3 ಮೀಟರ್’ ಎಂದು ಬೇಡ. ಕದ್ರಾ ಅಣೆಕಟ್ಟಿನ ಗೇಟು ತೆಗೆದಾಗ ಕೆಳಗಿನ ದಂಡೆಯವರಿಗೆ ನೀರಿನ ಭಯ ಇದ್ದೇ ಇದೆ. ದಂಡೆ ಕೊರೆದು ಹೋದಂತೆಲ್ಲ ದಾರಿ ನಿಮ್ಮ ತೋಟದೊಳಗೆ ಸರಿಯುತ್ತಾ ಬಂದೀತು. ತೋಟಕ್ಕೆ ಇಳಿಯುವ ದಣಪೆ ಎಲ್ಲಿ, ದೋಣಿ ಕಟ್ಟುವ ಜಾಗಕ್ಕೆ ಹೋಗುವುದು ಹೇಗೆ, ಬೇಲಿ ಯಾರು ಹಾಕಬೇಕು, ಇಷ್ಟನ್ನೂ ಬರೆಸಿ. ತೆಂಗಿನಕಾಯಿಯ ವಿಷಯ ಮರೆಯಬೇಡಿ. ಸೈಕಲ್ ಸವಾರನ ತಲೆ ಮೇಲೆ ಕಾಯಿ ಬಿದ್ದರೆ ಜವಾಬ್ದಾರಿ ಯಾರದು? ಮರಕ್ಕೆ ಬಲೆ ಕಟ್ಟುವುದು, ಕೊಯ್ಲಿನ ದಿನ ದಾರಿ ಮುಚ್ಚುವುದು, ಕಾಮಗಾರಿ ಆಗದಿದ್ದರೆ ಹಕ್ಕು ತಾನಾಗಿ ರದ್ದಾಗುವುದು ಕೂಡ ಸೇರಲಿ.

ನಿಮ್ಮ ಒಪ್ಪಿಗೆ ಸಿಕ್ಕ ಮಾತ್ರಕ್ಕೆ ಕೆಲಸ ಶುರುವಾಗುವುದಿಲ್ಲ. ಉಪ್ಪುನೀರು ಏರಿಳಿಯುವ ಹೊಳೆದಂಡೆ ಕರಾವಳಿ ನಿಯಂತ್ರಣ ವಲಯಕ್ಕೆ ಬರುತ್ತದೆ. 1,000 ಚದರ ಮೀಟರ್‌ಗಿಂತ ಜಾಸ್ತಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿದ್ದರೆ ಅದರ ಸುತ್ತ 50 ಮೀಟರ್ ಪಟ್ಟಿಯೂ 2019ರ ಅಧಿಸೂಚನೆಯಲ್ಲಿ ರಕ್ಷಿತ. ಆ ಅನುಮತಿ ತರುವುದು ನಗರಸಭೆಯ ಕೆಲಸ, ಪ್ರತಿ ಕೇಳಿ ಇಟ್ಟುಕೊಳ್ಳಿ.

ಇನ್ನು ತಮ್ಮನ ವಿಷಯ. ಜಂಟಿ ಪಹಣಿಯಲ್ಲಿ ನಿಮ್ಮೊಬ್ಬರ ಸಹಿ ನಡೆಯುವುದಿಲ್ಲ. ಅವರು ಊರಿಗೆ ಬರಲಾಗದಿದ್ದರೆ ಇದೊಂದೇ ಕೆಲಸಕ್ಕೆ ನಿಮ್ಮ ಹೆಸರಿಗೆ ಮುಖ್ತಿಯಾರ್‌ನಾಮೆ (ಪವರ್ ಆಫ್ ಅಟಾರ್ನಿ) ಮಾಡಿಕೊಡಲಿ. ತೋಟದ ಮೇಲೆ ಸೊಸೈಟಿ ಸಾಲ ಇದ್ದರೆ ಪಹಣಿಯ 11ನೇ ಕಾಲಂನಲ್ಲಿ ಭೋಜಾ (ಸಾಲದ ಹೊರೆ) ನಮೂದಾಗಿರುತ್ತದೆ. ಕರಾರಿಗೆ ಮೊದಲು ಸೊಸೈಟಿಯ ಲಿಖಿತ ಒಪ್ಪಿಗೆಯನ್ನೂ ಪಡೆಯಿರಿ.