ಗಾಳಿ ಪಂಪಿಗೆ ಬ್ಯಾಟರಿಯಿಂದ ಪ್ರತ್ಯೇಕ ತಂತಿ ಬೇಕು

ಹುಮನಾಬಾದ್ ರಸ್ತೆಯಲ್ಲಿ ಟೈರಿಗೆ ಗಾಳಿ ತುಂಬುವ ವಿದ್ಯುತ್ ಪಂಪು ಚಾಲೂ ಮಾಡಿದೊಡನೆ ನಿಮ್ಮ ಹಳೆಯ ಬೈಕಿನ ಫ್ಯೂಸ್ ಸುಟ್ಟುಹೋಯಿತು, ಏಕೆ ಎಂದು ಕೇಳಿದ್ದೀರಿ. ಮೊಬೈಲ್ ಚಾರ್ಜರಿಗೆಂದು ಹಾರ್ನ್ ತಂತಿಯಿಂದ ಎಳೆದ ಸಾಕೆಟ್ಟಿಗೇ ಪಂಪನ್ನೂ ಜೋಡಿಸಿದ್ದು ಬಹುತೇಕ ಕಾರಣ. ಚಾರ್ಜರಿಗೆ ಒಂದೆರಡು ಆಂಪಿಯರ್ ಸಾಕು. ಪಂಪು 8ರಿಂದ 10 ಆಂಪಿಯರ್ ಎಳೆಯಬಹುದು, ಖಚಿತ ಅಂಕಿ ಅದರ ಲೇಬಲ್ಲಿನ ಮೇಲಿರುತ್ತದೆ.

ಮೊದಲು ಬ್ಯಾಟರಿ 12 ವೋಲ್ಟಿನದೇ ಎಂದು ನೋಡಿಕೊಂಡು ಮೈನಸ್ ತುದಿಯನ್ನು ಬಿಚ್ಚಿಡಿ. ಬಳಿಕ ಪ್ಲಸ್ ತುದಿಯಿಂದ 2.5 ಚದರ ಮಿ.ಮೀ. ತಾಮ್ರದ ತಂತಿ ಎಳೆದು, ಗೇಣು ದೂರದೊಳಗೆ 15 ಆಂಪಿಯರಿನ ಫ್ಯೂಸ್ ಹಾಕಿ, ಮೈನಸ್ ತಂತಿಯನ್ನು ಬೈಕಿನ ಚೌಕಟ್ಟಿಗೆ (ಚಾಸಿಗೆ) ಕೊಡದೆ ನೇರವಾಗಿ ಬ್ಯಾಟರಿಗೇ ತನ್ನಿ. ಸೀಟಿನ ಕೆಳಗೆ ಚೌಕಟ್ಟಿನ ಅಂಚಿಗೆ ತಂತಿ ಉಜ್ಜಿ ಸಿಪ್ಪೆ ಹೋಗುವ ಕಡೆ ರಬ್ಬರ್ ನಳಿಗೆ ತೊಡಿಸುವುದನ್ನು ದಯವಿಟ್ಟು ಬಿಡಬೇಡಿ. ಶಾರ್ಟ್ ಆಗಿ ಬೆಂಕಿ ಹತ್ತುವ ಜಾಗ ಅದೇ.

ಕಿಕ್ ಮಾತ್ರವಿರುವ ಬೈಕಿನ 2.5 ಆಂಪಿಯರ್-ಅವರ್ ಸಾಮರ್ಥ್ಯದ ಚಿಕ್ಕ ಬ್ಯಾಟರಿಯಾದರೆ ಇದಾವುದೂ ಬೇಡ. ಸ್ವಂತ ಬ್ಯಾಟರಿಯುಳ್ಳ ಪಂಪು ಇಲ್ಲವೇ ಕಾಲು ಪಂಪು ಒಳ್ಳೆಯದು. ದೊಡ್ಡ ಬ್ಯಾಟರಿಯಿದ್ದರೂ ಎಂಜಿನ್ ಓಡುತ್ತಿರುವಾಗಲೇ ಗಾಳಿ ತುಂಬಿ. ಜಾಲಿ ಮುಳ್ಳು ಚುಚ್ಚಿದ ಟ್ಯೂಬಿನಲ್ಲಿ ಗಾಳಿ ನಿಲ್ಲದು, ಆದ್ದರಿಂದ ಪ್ಯಾಚ್ ಹಾಕಿದ ಮೇಲೆಯೇ ಪಂಪು ಹಚ್ಚಿ.